ಆರ್ಥರ್ ಅರಸನ ಖಡ್ಗ

ಮಧ್ಯಯುಗದ ವೀರಕಥೆಗಳಲ್ಲಿ ಬ್ರಿಟನ್ ದೇಶದ ಆರ್ಥರ್ ಅರಸನ ಕಥೆಯು ಸುಪ್ರಸಿದ್ಧವಾದದ್ದು. ಸರ್ ಥಾಮಸ್ ಮ್ಯಾಲರಿಯು ಗದ್ಯದಲ್ಲಿ ಬರೆದ ಈ ಕಥೆಯನ್ನು ಕ್ಯಾಕ್ಸ್ಟನನು 1485ರಲ್ಲಿ ಅಚ್ಚುಮಾಡಿದನು. ಅದರ ಕಡೆಯ ಭಾಗವನ್ನು ಟೆನಿಸನ್ ಕವಿಯು 1842ರಲ್ಲಿ ಪ್ರಕಟವಾದ ಪದ್ಯವೊಂದರಲ್ಲಿ ಪುನಃ ಹೇಳಿದನು. ಇವೆರಡನ್ನೂ ಜೊತೆಯಾಗಿ ಓದುವವರಿಗೆ ಉತ್ತಮವಾದ ಪಾಠವೊಂದು ದೊರೆಯುವದು.

ಯುದ್ಧದಲ್ಲಿ ಮರಣಾಂತಿಕವಾದ ಗಾಯಹೊಂದಿದ ಅರಸನು, ತನ್ನ ಖಡ್ಗವನ್ನು ನೀರಿಗೆ ಎಸೆದು, ಕಂಡದ್ದನ್ನು ಬಂದು ತಿಳಿಸಬೇಕೆಂದು ಬೆಡಿವಿಯರನೆಂಬ ವೀರನಿಗೆ ಅಪ್ಪಣೆಕೊಡುತ್ತಾನೆ. ಅವನು ಎರಡಾವರ್ತಿ ಅದನ್ನು ಬಚ್ಚಿಟ್ಟು ಬಂದು ಸುಳ್ಳಾಡುತ್ತಾನೆ. ಅಲೆಗಳ ಹೊರತು ಬೇರೇನನ್ನೂ ಅವನು ಹೇಳದಿದ್ದದರಿಂದ ಅರಸನು ಸುಳ್ಳನ್ನು ಅರಿತು ಗದರಿಸುತ್ತಾನೆ. ಮೂರನೆಯ ಸಾರಿ ಎಸೆದಾಗ, ನೀರಿನೊಳಗಿಂದ ಒಂದು ಕೈಯು ಮೇಲೆದ್ದು, ಖಡ್ಗವನ್ನು ಹಿಡಿದು, ಮೂರು ಸಲ ಝಳಪಿಸಿ ಮರೆಯಾಗುತ್ತದೆ.

ಮ್ಯಾಲರಿಯ ಬೆಡಿವಿಯರನು ಬೆಲೆಯುಳ್ಳ ಖಡ್ಗವು ಹಾಳಾಗುವದಲ್ಲಾ ಎಂದು ಮರುಗುತ್ತಾನೆ. ಟೆನಿಸನನಾದರೋ ಅವನಿಗೆ ಹೆಚ್ಚಿನ ನೆವಗಳನ್ನು ಒದಗಿಸುತ್ತಾನೆ: ಅರಸನು ಗಾಯದ ಬಾಧೆಯಲ್ಲಿ ತಾನು ಮಾಡುವದನ್ನು ಅರಿಯನು, ಖಡ್ಗವು ಉಳಿದರೆ ಮುಂದಿನ ತಲೆಮಾರಿನವರು ಅವನನ್ನು ಗೌರವದಿಂದ ಸ್ಮರಿಸುವರು.

ಇವು ಯೋಗ್ಯವಾದ ಮಾತುಗಳೆಂದೇ ತೋರುತ್ತವೆ. ಹಾಗಿದ್ದರೆ ಅವನು ಅವುಗಳನ್ನು ಅರಸನ ಮುಂದೆ ಯಾಕೆ ಹೇಳಲಿಲ್ಲ? ಮರೆಮಾಚಿದ್ದೇ ಅವನ ಮನಸ್ಸಾಕ್ಷಿಯು ಅವುಗಳನ್ನು ಒಪ್ಪಲಿಲ್ಲವೆಂಬದಕ್ಕೆ ಗುರುತು. ಲೋಭದ ಸುಳ್ಳನ್ನು ನಾವು ಬೇಗನೆ ಗುರುತಿಸುವೆವು; ಭಕ್ತಿಯ ವೇಷವನ್ನು ಧರಿಸಿದ ಸುಳ್ಳನ್ನು ಗುರುತಿಸುವದು ಕಷ್ಟ.

ಆದಕಾರಣ, ತಾಯಿತಂದೆಗಳೇ, ನಿಮ್ಮ ಹೆಣ್ಣುಮಕ್ಕಳು ಇಂಥ ಕಥೆಗಳನ್ನು ಓದುವಾಗ, ಹೊಸ ಕವಿಯು ಏನನ್ನು ಬದಲಿಸಿದನು, ಯಾಕೆ ಬದಲಿಸಿದನು ಎಂದು ಅವರನ್ನು ಕೇಳಿರಿ. ಯಾರೂ ನೋಡದ ದಡದಲ್ಲಿ ನಿಂತಾಗಲೂ ಒಪ್ಪಿಸಿದ ಕೆಲಸವನ್ನು ನೆರವೇರಿಸುವದೇ ನಂಬಿಗಸ್ತಿಕೆಯೆಂದು ಅವರು ತಾವೇ ಕಂಡುಕೊಳ್ಳುವರು.