ತಳುಕಿನ ಮೇಷ್ಟ್ರು, ದುರ್ಗದ ಮೇಷ್ಟ್ರು

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಕೂತದ್ದು 1936ರಲ್ಲಿ, ಮುಗಿಸಿದ್ದು 1946ರಲ್ಲಿ. ನಡುವೆ, 1939ರಲ್ಲಿ, ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡರು. ಆದರೂ ಕಾವ್ಯ ಅರ್ಪಣೆಯಾದದ್ದು ಅವರಿಗೇ. ಆ ಅರ್ಪಣೆಯಲ್ಲಿ ಮಹಾಕಾವ್ಯ ಬರೆದವನ ಹೆಮ್ಮೆಯಿದೆ; ಮುಗಿಸಿದ ಕೆಲಸವನ್ನು ಮೇಷ್ಟ್ರಿಗೆ ಒಪ್ಪಿಸುವ ಹುಡುಗನ ದನಿಯೂ ಇದೆ.

ವೆಂಕಣ್ಣಯ್ಯನವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ತಳುಕಿನವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರು. ಕನ್ನಡ ಎಂ.ಎ.ಯ ಮೊದಲ ತಂಡದಲ್ಲಿ ಓದಿ 1929ರಲ್ಲಿ ಹೊರಬಂದವರಲ್ಲಿ ಕುವೆಂಪು ಒಬ್ಬರು. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗನಿಗೆ ನಿನ್ನ ನುಡಿಯಲ್ಲಿ ಬರೆ ಎಂದು 1924ರಲ್ಲಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಆ ಮಾತಿನ ಕೀರ್ತಿ ದೊಡ್ಡದು. ಆದರೆ ಒಂದು ಭೇಟಿಯ ಬುದ್ಧಿಮಾತು ಬೇರೆ, ವರ್ಷಾನುಗಟ್ಟಲೆ ಜತೆಗಿದ್ದು ಓದಿಸುವುದು ಬೇರೆ. ವೆಂಕಣ್ಣಯ್ಯನವರು ಸ್ವಂತಕ್ಕೆ ಬರೆದದ್ದು ಕಡಿಮೆ. ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಶಿಷ್ಯರ ಪುಸ್ತಕಗಳಲ್ಲಿ.

ಅದೇ ತಳುಕಿನ ಮನೆತನದ ತ.ರಾ.ಸು. ತಮ್ಮ ಕಾದಂಬರಿಯಲ್ಲಿ ಇನ್ನೊಬ್ಬ ಗುರುವನ್ನು ಸೃಷ್ಟಿಸಿದರು: ಚಾಮಯ್ಯ ಮೇಷ್ಟ್ರು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ‘ನಾಗರಹಾವು’ ಸಿನಿಮಾ ಮಾಡಿ ತೆಗೆದಾಗ ಅಶ್ವತ್ಥ್ ಆ ಪಾತ್ರಕ್ಕೆ ಜೀವ ತುಂಬಿದರು. ದುರ್ಗದ ಕೋಟೆಯ ಕಲ್ಲುಬಂಡೆಗಳ ನಡುವೆ ಯಾರ ಮಾತಿಗೂ ಬಗ್ಗದ ಶಿಷ್ಯ ರಾಮಾಚಾರಿ, ಮೇಷ್ಟ್ರು ಕರೆದರೆ ನಿಲ್ಲುತ್ತಾನೆ. ಚಿಕ್ಕಂದಿನಲ್ಲಿ ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಗುರು ಬೇಕೆನಿಸುವುದಿಲ್ಲ. ನಾಲ್ಕು ಜನರ ಸಂಸಾರ ಕಂಡ ಮೇಲೆ ನೋಡಿದರೆ ಬೇರೊಂದು ಕಾಣುತ್ತದೆ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವನು ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳ ಬಾಳು ಮೂರಾಬಟ್ಟೆಯಾಗುತ್ತದೆ. ಮೇಷ್ಟ್ರಿಗೆ ಕೇಡು ಬಗೆಯುವ ಮನಸ್ಸಿರಲಿಲ್ಲ. ಜಾತಿಯ ಕಟ್ಟಿಗೆ ಹೆದರಿದ ಒಳ್ಳೆಯವರು ಅವರು, ಅಷ್ಟೆ. ಗುರುವಿನ ಪ್ರಭಾವವನ್ನು ಬರೀ ಹೊಗಳುವವರು ಈ ಕಥೆಯನ್ನು ಮರೆಯುತ್ತಾರೆ. ವೆಂಕಣ್ಣಯ್ಯನವರ ಶಿಷ್ಯ ಗುರುವಿಗೆ ಒಪ್ಪಿಸಿದ್ದು ತನ್ನದೇ ಕೆಲಸ; ಚಾಮಯ್ಯನವರ ಶಿಷ್ಯ ಒಪ್ಪಿಸಿದ್ದು ತನ್ನ ಬಾಳು.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಮೂರನೆಯ ಬಗೆಯ ಗುರುವಿದ್ದರು. ಕರಾವಳಿಯಿಂದ ಬಂದ ರಾಘವೇಂದ್ರ ಸ್ವಾಮೀಜಿ ‘ತಿರುಕ’ ಎಂಬ ಹೆಸರಿನಲ್ಲಿ ಬರೆದರು, ಜೋಳಿಗೆ ಹಿಡಿದು ದುಡ್ಡು ಕೂಡಿಸಿದರು, 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. ಊರೂರು ತಿರುಗಿ ಯೋಗ, ವ್ಯಾಯಾಮ ಕಲಿಸಿದರು. ಕಲಿತವರು ತಮ್ಮ ತಮ್ಮ ಊರಿಗೆ, ತಮ್ಮ ತಮ್ಮ ಕಸುಬಿಗೆ ಹೊರಟುಹೋದರು. ಅವರನ್ನು ಕಟ್ಟಿಹಾಕುವ ಗೊಡವೆಗೆ ತಿರುಕರು ಹೋಗಲಿಲ್ಲ. ಅವರು ತೀರಿಕೊಂಡದ್ದು 1996ರಲ್ಲಿ. ಆಶ್ರಮದ ಶಾಲೆಯೂ ಆಯುರ್ವೇದ ಕಾಲೇಜೂ ಈಗಲೂ ನಡೆಯುತ್ತಿವೆ.