ಹಿಕ್ಕೆಯಲ್ಲಿ ಲಿಂಗ ಕಂಡ ಗೊಲ್ಲಾಳ

ಬೇಡಿದ್ದು ಬೇಗ ಕೈಗೂಡದಿದ್ದರೆ "ದೇವರು ನಮ್ಮನ್ನ ಮರತಾನ" ಅಂತ ಭಕ್ತರು ಮನಸ್ಸು ಸಣ್ಣದು ಮಾಡಿಕೊಳ್ಳುವುದುಂಟು. ಅಂಥ ಹೊತ್ತಿನಲ್ಲಿ ನೆನೆಯಬೇಕಾದದ್ದು ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ಗೋಲಗೇರಿ ಗೊಲ್ಲಾಳನ ಕಥೆ.

ಗೊಲ್ಲಾಳ ಕುರಿ ಕಾಯುವ ಹುಡುಗ. ಶ್ರೀಶೈಲಕ್ಕೆ ಹೊರಟ ನಂದಯ್ಯನೆಂಬ ಭಕ್ತನಿಗೆ, "ಯಪ್ಪಾ, ಬರುವಾಗ ನನಗೊಂದು ಲಿಂಗ ತಂದುಕೊಡ್ರಿ" ಎಂದು ಬೇಡಿಕೊಂಡ. ನಂದಯ್ಯ ಮಲ್ಲಯ್ಯನ ದರ್ಶನವೇನೋ ಮಾಡಿದ, ಹುಡುಗನ ಮಾತು ಮರೆತ. ಊರು ಸಮೀಪಿಸಿದಾಗ ನೆನಪಾಯಿತು. ಬರಿಗೈ ತೋರಿಸಲು ಮನಸ್ಸಾಗದೆ ಕುರಿಯ ಹಿಕ್ಕೆಯನ್ನೇ ಅರಿವೆಯಲ್ಲಿ ಸುತ್ತಿ ಕೊಟ್ಟುಬಿಟ್ಟ. ಗೊಲ್ಲಾಳ ಅದನ್ನು ಕಣ್ಣಿಗೊತ್ತಿಕೊಂಡು, ದಿನಾಲೂ ಕುರಿಯ ಹಾಲೆರೆದು ಪೂಜಿಸಿದ. ಹಾಲು ಹಾಳಾಯಿತೆಂದು ತಂದೆ ಸಿಟ್ಟಿಗೆದ್ದ. ಆದರೂ ಪೂಜೆ ಬಿಡಲಿಲ್ಲ. ಆ ಹಿಕ್ಕೆಯೇ ಲಿಂಗವಾಯಿತು, ಶಿವನು ಒಲಿದನು ಎಂಬುದು ಐತಿಹ್ಯ. ಗೋಲಗೇರಿಯಲ್ಲಿ ಇಂದಿಗೂ ಗೊಲ್ಲಾಳೇಶ್ವರನಿಗೆ ಭಕ್ತರು ನಡೆದುಕೊಳ್ಳುತ್ತಾರೆ.

ಇದರಲ್ಲಿ ಎರಡು ಪಾಠಗಳಿವೆ.

ಒಂದು, ಬೆಟ್ಟ ಹತ್ತಿ ಬಂದವನು ನಂದಯ್ಯ. ಶಿವ ಒಲಿದದ್ದು ಕುರಿ ಬಿಟ್ಟು ಕದಲದ ಗೊಲ್ಲಾಳನಿಗೆ. ಯಾತ್ರೆ ಮಾಡಿದರೆ ಸಾಲದು, ಮನೆಗೆ ಮರಳಿದ ಮೇಲೂ ಆ ಭಾವ ಉಳಿಯಬೇಕು. ಯುಗಾದಿಯ ಹೊತ್ತಿಗೆ ಉರಿಬಿಸಿಲಿನಲ್ಲಿ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ನಮ್ಮ ಕಡೆಯ ಭಕ್ತರಿಗೂ, ವಿಜಯಪುರದ ಇಬ್ರಾಹಿಂಪುರದಂಥ ಬಡಾವಣೆಯ ಮನೆಯ ಜಗಲಿಯಲ್ಲೇ ದೀಪ ಹಚ್ಚುವ ಮುದುಕಿಗೂ ಈ ಮಾತು ಒಂದೇ.

ಎರಡು, ಗೊಲ್ಲಾಳ "ಇಷ್ಟು ದಿನ ಹಾಲೆರೆದೆ, ಏನು ಕೊಟ್ಟೆ?" ಅಂತ ಲೆಕ್ಕ ಕೇಳಲಿಲ್ಲ. ಬಿಡದೆ ಬೇಡುವುದೆಂದರೆ ದೇವರನ್ನು ಪೀಡಿಸುವುದಲ್ಲ. ಉತ್ತರ ಕಾಣದ ದಿನವೂ ಕೈ ಮುಗಿಯುವುದು. ಕೂಸಿಗೆ ಜ್ವರ ಬಂದಾಗ ಹರಕೆ ಹೊರಲಿ, ಆದರೆ ದವಾಖಾನೆಗೆ ಒಯ್ಯುವುದನ್ನು ತಡ ಮಾಡಬಾರದು. ಮಳೆಗೆ ಬೇಡಲಿ, ಹೊಲ ಹಸನು ಮಾಡುವುದನ್ನು ಬಿಡಬಾರದು. ಗೊಲ್ಲಾಳನೂ ಕುರಿ ಕಾಯುತ್ತಲೇ ಪೂಜೆ ಮಾಡಿದವನು.

ಎಷ್ಟು ಬೇಡಿದರೂ ಕೆಲವರ ಮನೆಯ ದುಃಖ ತೀರದೇ ಉಳಿಯುತ್ತದೆ. ಅವರಿಗೆ "ನಿಮ್ಮ ಭಕ್ತಿ ಕಡಿಮೆ ಆತು" ಅನ್ನುವ ಹಕ್ಕು ಯಾರಿಗೂ ಇಲ್ಲ. ಹಿಕ್ಕೆ ಹಿಕ್ಕೆಯಾಗಿಯೇ ಕಾಣುತ್ತಿದ್ದ ದಿನಗಳಲ್ಲೂ ಗೊಲ್ಲಾಳನ ಭಕ್ತಿಗೆ ಕೊರತೆ ಇರಲಿಲ್ಲ. ಅಂಥವರ ಪಕ್ಕದಲ್ಲಿ ಕುಳಿತು ಒಂದು ತುತ್ತು ಉಣ್ಣಿಸಿದರೆ ಅದೂ ಪೂಜೆಯೇ.

ಮಲ್ಲಯ್ಯನು ಎಲ್ಲರಿಗೂ ಆ ತಾಳ್ಮೆಯನ್ನು ಕರುಣಿಸಲಿ.