ಒಂದು ಹಿಡಿ ಕಾಳು ಇಡೀ ರಾಶಿಯ ಸಾಕ್ಷಿಯಲ್ಲ

ಶೇಂಗಾ, ಮೆಕ್ಕೆಜೋಳಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ಉತ್ಪಾದಿಸುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಅದು ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ನಾಶವಾಗುವುದೂ ಇಲ್ಲವಾದ್ದರಿಂದ ಪ್ರಯೋಗಾಲಯದ ಪರೀಕ್ಷೆ ಅನಿವಾರ್ಯ. ಆದರೆ ಈ ವಿಷವು ರಾಶಿಯ ಕೆಲವೇ ಕಾಳುಗಳಲ್ಲಿ ದಟ್ಟವಾಗಿ ಅಡಗಿರುವ ಕಾರಣ, ಮೇಲಿನ ಚೀಲದಿಂದ ತೆಗೆದ ಒಂದು ಹಿಡಿಯನ್ನು ನಂಬಿ ಪಡೆದ ವರದಿ ದಾರಿ ತಪ್ಪಿಸಬಹುದು. ಬೆಳೆಗಾರರು ಹಲವು ಚೀಲಗಳ ಮೇಲ್ಭಾಗ, ನಡುಭಾಗ, ತಳಭಾಗಗಳಿಂದ ಕಾಳು ತೆಗೆದು, ಚೆನ್ನಾಗಿ ಬೆರೆಸಿ, ತೇವ ತಾಗದಂತೆ ಕಳುಹಿಸಬೇಕು. ಪ್ರಯೋಗಾಲಯದಲ್ಲಿ ಆ ಕಾಳನ್ನೆಲ್ಲ ಬೀಸಿದ ಬಳಿಕವೇ ಪರೀಕ್ಷೆಗೆ ಬೇಕಾದ ಹಿಟ್ಟನ್ನು ತೆಗೆಯುವುದು ಸರಿಯಾದ ಕ್ರಮ. ಭಾರತದ ಆಹಾರ ಸುರಕ್ಷತಾ ನಿಯಮವು ಧಾನ್ಯಗಳಲ್ಲಿ ಈ ವಿಷಕ್ಕೆ ಕಿಲೋಗೆ 15 ಮೈಕ್ರೋಗ್ರಾಂ ಮಿತಿಯನ್ನು ವಿಧಿಸಿದೆ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಇಷ್ಟು ಸೂಕ್ಷ್ಮವಾದ ಅಳತೆಯು ಮಾದರಿ ತೆಗೆಯುವವರ ಕೈಯಲ್ಲೂ ಅಷ್ಟೇ ಎಚ್ಚರವನ್ನು ಬೇಡುತ್ತದೆ.